ನನ್ನ ಟವರಿನಲ್ಲಿ ದೊಡ್ಡಪ್ಪ ಕೂಗಿದ್ದು

ವಿಮಾನ ಸಂಚಾರ ನಿಯಂತ್ರಕನ ಪರೀಕ್ಷೆಯಲ್ಲಿ ನಾನು ಮೂರನೇ ಸಲವೂ ಫೇಲಾಗಿದ್ದೇನೆ.

ಇದನ್ನು ಹುಣಸೂರು ಬಸ್‌ಸ್ಟ್ಯಾಂಡ್ ಎದುರಿನ ಟೀ ಅಂಗಡಿಯಲ್ಲಿ ಮೊದಲು ವರದಿ ಮಾಡಿದವರು ನನ್ನ ದೊಡ್ಡಪ್ಪ. "ನಮ್ ಉಡ್ಗ ಫೇಲು ಕಣ್ರಪ್ಪಾ. ಇಮಾನ ಮಾತ್ರ ಉಳ್ಕಂಡ್ವು" ಅಂದರಂತೆ.

ಯಾವ ವಿಮಾನ, ಯಾರು ಉಳಿದರು ಎಂದು ಬೆಳಗ್ಗಿನಿಂದ ಫೋನ್ ಬರುತ್ತಿವೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಸ್ಪಷ್ಟನೆ. ಇದು ನಿಜವಾದ ವಿಮಾನದ ವಿಷಯವಲ್ಲ. ಕಂಪ್ಯೂಟರಿನಲ್ಲಿ ವಿಮಾನ ಓಡಿಸುವ ಆಟವಿದೆ. ಇಂಟರ್ನೆಟ್ಟಿನಲ್ಲಿ ಎಲ್ಲೆಲ್ಲಿನವರೋ ಸೇರಿ ಒಂದೇ ಆಕಾಶದಲ್ಲಿ ಹಾರಿಸುತ್ತಾರೆ. ಕೆಲವರು ಪೈಲಟ್, ಕೆಲವರು ಟವರಿನಲ್ಲಿ ಕೂತು ಇಳಿ, ಏರು, ನಿಲ್ಲು ಅನ್ನುವವರು. ನನಗೆ ಟವರಿನ ಹುಚ್ಚು.

ಟವರಿನಲ್ಲಿ ಅಧಿಕೃತವಾಗಿ ಕೂರಬೇಕಾದರೆ ಪರೀಕ್ಷೆ ಪಾಸಾಗಬೇಕು, ಅಲ್ಲಿಯವರೆಗೆ ಬರೀ ಅಭ್ಯಾಸ. ಪರೀಕ್ಷಕರು ಮುಂಬೈಯವರು, ಮುಖ ನೋಡಿಲ್ಲ, ದನಿ ಮಾತ್ರ ಗೊತ್ತು. ಎರಡು ಸಲ ಫೇಲ್ ಮಾಡಿದ್ದರು. ಮೂರನೆಯದೂ ಹೋದರೆ ಮೂರು ತಿಂಗಳು ಮತ್ತೆ ಪರೀಕ್ಷೆಗೆ ಕೂರುವಂತಿಲ್ಲ.

ನನ್ನ ದೋಷ ಒಂದೇ. ನನಗೆ ಯಾರಿಗೂ "ಇಲ್ಲ" ಅನ್ನಲು ಬರುವುದಿಲ್ಲ.

ಹುಣಸೂರಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನೆ. ಆರು ಕಂಪ್ಯೂಟರಿಗೆ ಹದಿನೆಂಟು ಜನರನ್ನು ಸೇರಿಸಿಕೊಂಡಿದ್ದೇನೆ. ಕೇಳಿದವರಿಗೆಲ್ಲ "ಆಯ್ತು ಬನ್ನಿ" ಅಂದದ್ದರ ಫಲ.

ಟವರಿನಲ್ಲೂ ಅದೇ ಆಯಿತು. ಒಂದು ವಿಮಾನ ಇಳಿಯಲೇ ಅಂದಿತು, ಬನ್ನಿ ಸರ್ ಅಂದೆ. ಇನ್ನೊಂದು ಹೊರಡಲೇ ಅಂದಿತು, ಹೊರಡಿ ಸರ್ ಅಂದೆ. ಇದ್ದದ್ದು ಒಂದೇ ರನ್‌ವೇ...

ಎರಡನೇ ಸಲ ಫೇಲಾದ ಮೇಲೆ ದೊಡ್ಡಪ್ಪನ ಹತ್ತಿರ ಹೋದೆ. ಅವರು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ರಿಟೈರ್ ಆದವರು. ಯಾವ ಬಸ್ಸು ಯಾವಾಗ ಒಳಗೆ, ಯಾವಾಗ ಹೊರಗೆ ಅನ್ನುವುದನ್ನು ಸೀಟಿ ಊದಿಯೇ ನಡೆಸಿದವರು. ಮದುವೆ ದಿಬ್ಬಣ ಅಡ್ಡ ಬಂದು ಕೈಮುಗಿದರೂ ಟೈಮಿಗೆ ಮೊದಲು ಗಾಡಿ ಬಿಟ್ಟವರಲ್ಲ.

ನನ್ನ ಕಥೆ ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿನ್ನಂಗೆ ನಾನೂ ಎಲ್ರಿಗೂ ಆಯ್ತು ಅಂದಿದ್ರೆ ಕ್ವಾಟೆ ಬಸ್ಸು ಪಿರಿಯಾಪಟ್ನದ್ ಬಸ್ಸಿನ್ ಮ್ಯಾಲ್ ಅತ್ತಿರೋದು ಕಣ್ಲಾ! ನಿಲ್ಲು ಅನ್ನೋದೇನು ಬೈಗುಳ್ವಾ?"

ಒಂದು ವಾರ ಪಾಠ ನಡೆಯಿತು. ಅವರ ಮೊದಲ ನಿಯಮ: ಹೇಳಿದ್ದನ್ನು ಡ್ರೈವರ್ ತಿರುಗಿ ಹೇಳುವವರೆಗೆ ಗಾಡಿ ಅಲುಗಬಾರದು. ಸುಮ್ಮನೆ ಹೂಂ ಅಂದರೆ ಆಗದು. ಟವರಿನ ಪುಸ್ತಕದಲ್ಲೂ ಇದೇ ಇದೆ, ರೀಡ್‌ಬ್ಯಾಕ್ ಅಂತ. ಎರಡನೆಯದು: ಜಾಗ ಖಾಲಿಯಾಗದೆ ಮುಂದಿನ ಗಾಡಿಗೆ ಮಾತು ಕೊಡಬಾರದು. ಅದೂ ಪುಸ್ತಕದಲ್ಲಿದೆ.

ಹೋದ ಭಾನುವಾರ ಮಧ್ಯಾಹ್ನ ಪರೀಕ್ಷೆ. ಹೆಡ್‌ಫೋನ್ ಕೆಟ್ಟಿತ್ತು. ಸ್ಪೀಕರ್ ಹಾಕಿ, ಮೇಜಿನ ಮೇಲೆ ಮೈಕ್ ಇಟ್ಟು ಕೂತೆ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಡ್ಲೆಪುರಿ ಹಿಡಿದು ದೊಡ್ಡಪ್ಪ. ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದರು.

ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು.

ಆಮೇಲೆ ರನ್‌ವೇ ಅಂಚಿನಲ್ಲಿ ಒಬ್ಬ ಪೈಲಟ್ ಬಂದು ನಿಂತರು. ಆರು ವಾರದಿಂದ ಪರಿಚಯದ ದನಿ. ಎಂಥಾ ಇಂಗ್ಲಿಷು! ಇಂಗ್ಲೆಂಡಿನವರೇ ಇರಬೇಕೆಂದು ನಾನು ಸರ್ ಸರ್ ಅನ್ನುತ್ತಿದ್ದೆ. ಹೊರಡಲೇ ಅಂದರು. ಇಳಿಯುವ ವಿಮಾನ ಹತ್ತಿರವಿದೆ, ಇರಿ ಅಂದೆ. ಮತ್ತೆ ಕೇಳಿದರು. ಇರಿ ಅಂದೆ. ಮೂರನೇ ಸಲ ಕೇಳಿದಾಗ ನನಗೇ ನಾಚಿಕೆಯಾಯಿತು... ಪಾಪ, ಎಷ್ಟು ಹೊತ್ತಿನಿಂದ ಕಾಯುತ್ತಿದ್ದಾರೆ.

"ಓಕೆ ಸರ್" ಅಂದುಬಿಟ್ಟೆ.

ಪರದೆ ನೋಡುತ್ತೇನೆ, ಇಳಿಯುವ ವಿಮಾನ ಎರಡೇ ಮೈಲಿ ದೂರದಲ್ಲಿದೆ. ಇವರು ರನ್‌ವೇ ಕಡೆ ತೆವಳುತ್ತಿದ್ದಾರೆ. ಮಾತಾಡುವಾಗ ಒತ್ತಿ ಹಿಡಿಯಬೇಕಾದ ಕೀಯನ್ನು ಒತ್ತಿ ಹಿಡಿದೆ. ಬೆರಳು ಕೆಲಸ ಮಾಡಿತು, ನಾಲಿಗೆ ಮಾಡಲಿಲ್ಲ.

ಕಡ್ಲೆಪುರಿ ಕೀಬೋರ್ಡಿನ ಮೇಲೆ ಚೆಲ್ಲಿತು.

"ಏಯ್, ನಿಲ್ಸಲಾ ಗಾಡೀನ! ಒಳಿಕ್ ಬತ್ತಾವ್ನೆ, ಕಾಣಾಕಿಲ್ವಾ? ನಿಲ್ಸು ಅಲ್ಲೇ!"

ಪರದೆಯ ಮೇಲೆ ವಿಮಾನ ಗಕ್ಕನೆ ನಿಂತಿತು.

ಸ್ಪೀಕರಿನಲ್ಲಿ ಇಂಗ್ಲೆಂಡಿನ ದನಿ ಬಂತು. "ನಿಲ್ಸಿವ್ನಿ ಸಾ! ಅವ್ರು ಒಳಿಕ್ ಬರ್ಲಿ. ಆಮೇಕೆ ಓಯ್ತೀನಿ."

"ಆಮೇಕಲ್ಲ. ನಾನಂದ್ಮೇಕೆ!"

"ಆಯ್ತು ಸಾ. ನೀವಂದ್ಮೇಕೆ."

ಇಳಿಯುವ ವಿಮಾನ ಸುಖವಾಗಿ ಇಳಿಯಿತು. ದೊಡ್ಡಪ್ಪ ಕೆಳಗೆ ಬಿದ್ದ ಕಡ್ಲೆಪುರಿ ಆರಿಸತೊಡಗಿದರು.

ಪೈಲಟ್ ಕೆ.ಆರ್. ನಗರದವರಂತೆ, ಸ್ವಂತ ರೈಸ್‌ಮಿಲ್ ಇದೆ. ಅವರೂ ನನ್ನನ್ನು ದೆಹಲಿಯವನೆಂದು ತಿಳಿದಿದ್ದರಂತೆ. ಈಗ ದಿನಾ ನನ್ನ ಅಭ್ಯಾಸದ ಹೊತ್ತಿಗೆ ಬಂದವರೇ ಮೊದಲು ಕೇಳುವುದು, "ದೊಡ್ಡೋರು ಡ್ಯೂಟೀಲ್ ಅವ್ರಾ?"

ಪರೀಕ್ಷಕರ ವರದಿ ನಿನ್ನೆ ಬಂತು. ಎರಡು ವಿಮಾನಗಳಿಗೆ ಒಂದೇ ರನ್‌ವೇ ಕೊಟ್ಟದ್ದಕ್ಕೆ ನಾನು ಫೇಲ್. ನಂತರ ಬಂದ ಆದೇಶದ ಭಾಷೆ ತಮಗೆ ತಿಳಿಯಲಿಲ್ಲ, ಆದರೆ ಅದು ಸರಿಯಾದ ಸಮಯಕ್ಕೆ ಬಂದಿತ್ತು, ಪೈಲಟ್ ಪಾಲಿಸಿ ತಿರುಗಿ ಉತ್ತರವನ್ನೂ ಕೊಟ್ಟರು ಎಂದು ಬರೆದಿದ್ದಾರೆ. ಕೊನೆಯಲ್ಲಿ ಒಂದು ಪ್ರಶ್ನೆ: ಆ ಎರಡನೇ ಕಂಟ್ರೋಲರ್ ಪರೀಕ್ಷೆಗೆ ಯಾಕೆ ಅರ್ಜಿ ಹಾಕಿಲ್ಲ?

ದೊಡ್ಡಪ್ಪನಿಗೆ ಓದಿ ಹೇಳಿದೆ. "ಇಂಗ್ಲಿಸು ಏನ್ಮಹಾ, ಎಂಟತ್ ಮಾತು. ಬರ್ಕೊಡು" ಅಂದರು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಟ್ಟಿದ್ದೇನೆ: ಹೋಲ್ಡ್ ಪೊಸಿಷನ್ ಅಂದರೆ ಇದ್ದಲ್ಲೇ ನಿಲ್ಲು, ಹೀಗೆ. ಬೆಳಗ್ಗಿನಿಂದ ಬೀದಿಯಲ್ಲಿ ಹೋಗುವ ಸೈಕಲ್‌ಗಳನ್ನೆಲ್ಲ "ಓಲ್ಡ್ ಪೊಜಿಸನ್" ಅಂತ ನಿಲ್ಲಿಸುತ್ತಿದ್ದಾರೆ. ನಿಲ್ಲುತ್ತಿವೆ.

ನನ್ನ ಮುಂದಿನ ಪರೀಕ್ಷೆ ಮೂರು ತಿಂಗಳ ನಂತರ. ದೊಡ್ಡಪ್ಪನದು ಬರುವ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ. ಕೀ ಒತ್ತಿ ಹಿಡಿಯುವವನು ನಾನು.