ಅಗಸಿಯ ಕಟ್ಟೆಯಿಂದ ಒತ್ತಿದ ಚುಕ್ಕಿಗಳು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಒಮ್ಮೆ ಮೊಣಕಾಲು ನೋವೆಂದೆ, ಒಮ್ಮೆ ಕಡಲೆ ರಾಶಿ ಮುಗಿಯಲಿ ಎಂದೆ. ನಿಜವಾದ ಕಾರಣ ಅವು ಯಾವುವೂ ಅಲ್ಲ. ಬರೆದರೆ ನಾನು ಎಂಥವನೆಂಬುದು ಕಾಗದದ ಮೇಲೆ ಉಳಿದುಬಿಡುತ್ತದೆ ಎಂಬ ಅಂಜಿಕೆ.

ಎಸ್ಸೆಸ್ಸೆಲ್ಸಿ ಓದಿದವನು ನಾನು. ನವಲಗುಂದದ ಕಡೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕನಾಗಿ ತಿರುಗಿದವನು. ನಿವೃತ್ತಿಗೆ ಎರಡು ವರ್ಷವಿದ್ದಾಗ ನಮಗೆ ಕಂಪ್ಯೂಟರಿನಲ್ಲಿ ನಕಾಶೆ ಮಾಡುವ ತರಬೇತಿ ಕೊಟ್ಟರು. ದುಡ್ಡಿಲ್ಲದೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಸಾಫ್ಟ್‌ವೇರ್. ಬೇನೆ ಬಿದ್ದವರ ಮನೆಗಳದ್ದು ಒಂದು ಪದರ, ನಳಗಳದ್ದು ಇನ್ನೊಂದು. ಒಂದರ ಮೇಲೊಂದು ಹಾಸಿ ಪ್ರತಿ ನಳದ ಸುತ್ತ ವೃತ್ತ ಎಳೆದರೆ, ಯಾವ ನೀರಿನಿಂದ ಬೇನೆ ಹಬ್ಬುತ್ತಿದೆ ಎಂದು ಅಂದಾಜು ಸಿಗುತ್ತದೆ. ಕಲಿಸಲು ಬಂದಿದ್ದ ಹುಡುಗಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು: ಮೊಬೈಲ್ ಹಿಡಿದು ಮನೆಯ ಹೊಸ್ತಿಲಲ್ಲೇ ನಿಂತು ಒತ್ತಬೇಕು, ನಕಾಶೆಯಲ್ಲಿ ನೀವು ನಿಂತಲ್ಲೇ ಚುಕ್ಕಿ ಬೀಳುತ್ತದೆ. ಮೌಸ್ ಹಿಡಿದದ್ದೇ ಅದು ಮೊದಲ ಸಲ. ಆದರೂ ಕಲಿತೆ, ಕಲಿತೆನೆಂದು ಬೀಗಿದೆ.

ಆ ವರ್ಷ ಮೊದಲ ಮಳೆಗೆ ನನ್ನ ಪಾಲಿನ ಊರೊಂದರಲ್ಲಿ ವಾಂತಿಭೇದಿ ಶುರುವಾಯಿತು. ಎಲ್ಲವೂ ದಲಿತರ ಕೇರಿಯಲ್ಲಿ. ಇಡೀ ನೌಕರಿಯಲ್ಲಿ ನಾನು ಕೇರಿಯೊಳಗೆ ಕಾಲಿಟ್ಟವನಲ್ಲ. ಊರ ಬಾಗಿಲಾದ ಅಗಸಿಯ ಕಟ್ಟೆಗೆ ಕೂತು ಅವರನ್ನು ಹೊರಗೆ ಕರೆಸುತ್ತಿದ್ದೆ. ಮಲೇರಿಯಾ ಪರೀಕ್ಷೆಗೆ ಬೆರಳು ಚುಚ್ಚಿದ್ದೂ ಅಲ್ಲೇ, ಗುಳಿಗೆ ಕೊಟ್ಟದ್ದೂ ಅಲ್ಲೇ. ನನಗಿಂತ ಮೊದಲಿದ್ದವರೂ ಹಾಗೇ ಮಾಡಿದ್ದರು, ಯಾರೂ ಯಾಕೆಂದು ಕೇಳಿರಲಿಲ್ಲ.

ಅವತ್ತೂ ಕಟ್ಟೆಗೆ ಕೂತೆ. ಅಲ್ಲಿಯ ಆಶಾ ಕಾರ್ಯಕರ್ತೆ, ಅದೇ ಕೇರಿಯ ಸೊಸೆ, ಬೇನೆ ಬಿದ್ದವರ ಹೆಸರಿನ ಯಾದಿ ಹಿಡಿದು ಬಂದಳು.

"ಬರ್ರಿ ಅಣ್ಣಾರ, ಒಂದೊಂದ ಮನಿ ತೋರಸ್ತೀನಿ."

"ಹೆಸರ ಹೇಳವಾ, ಇಲ್ಲಿಂದನ ಒತ್ತತೀನಿ."

"ಹೊಸ್ತಿಲಕ್ಕ ನಿಂತ ಒತ್ತಬೇಕಂತಲ್ರಿ?"

"ಭಾಳ ಶ್ಯಾಣ್ಯಾಕಿ ಆದಿ ನೀ. ಉಪಗ್ರಹ ಮ್ಯಾಲಿಂದ ನೋಡತೈತಿ, ಅದಕ್ಕೆಲ್ಲಾ ಗೊತ್ತಾಗತೈತಿ."

"ಹಂಗಾದ್ರ ಅದೂ ನಮ್ಮ ಓಣಿಗೆ ಇಳಿಯೂದಿಲ್ಲ ಅನ್ರಿ," ಎಂದು ನಕ್ಕಳು. ಆಮೇಲೆ ನಗೆ ಬಿಟ್ಟು ಹೇಳಿದಳು: "ನಮ್ಮ ನೀರಿನ ಪೈಪ್ ಗಟಾರದಾಗ ಹಾದೈತ್ರಿ, ಅಲ್ಲೇ ಒಡದೈತಿ. ನಕಾಶಿನ್ಯಾಗ ಬಂತಂದ್ರ ರಿಪೇರಿ ಮಾಡ್ತಾರ. ನನ್ನ ಮಾತ ಯಾರೂ ಕೇಳವಲ್ರು."

"ಬರತೈತಿ ಬಿಡು," ಎಂದೆ. ಆಕೆ ಹದಿನೇಳು ಮನೆಗಳ ಹೆಸರು ಓದಿದಳು. ಹದಿನೇಳೂ ಚುಕ್ಕಿಗಳನ್ನು ಕೂತಲ್ಲಿಂದಲೇ ಒತ್ತಿದೆ.

ತಾಲೂಕಿನ ಆರೋಗ್ಯ ಸಭೆಯಲ್ಲಿ ನಕಾಶೆಯನ್ನು ಗೋಡೆಯ ಮೇಲೆ ತೋರಿಸಿದರು. ಚುಕ್ಕಿಗಳೆಲ್ಲ ಅಗಸಿಯ ನಳದ ವೃತ್ತದೊಳಗೆ ಗುಂಪಾಗಿ ಬಿದ್ದಿದ್ದವು. ಕೇರಿ ಖಾಲಿ. ಅಗಸಿಯ ನಳದ್ದೇ ದೋಷವೆಂದು ಅಧಿಕಾರಿ ತೀರ್ಮಾನಿಸಿದರು. ಹಿಂದೆ ಕೂತಿದ್ದ ಆ ಆಶಾ ಕಾರ್ಯಕರ್ತೆ ಎದ್ದು ನಿಂತಳು.

"ಸಾಹೇಬ್ರ, ಆ ಮನಿ ಒಂದೂ ಅಲ್ಲಿಲ್ರಿ. ಎಲ್ಲಾ ನಮ್ಮ ಓಣ್ಯಾಗ ಅದಾವು."

"ಮತ್ತ ಚುಕ್ಕಿ ಹಾಕಿದವರ‍್ಯಾರು?"

ನಿಜ ಹೇಳಿದ್ದರೆ ಹತ್ತು ನಿಮಿಷದ ಬೈಗುಳದಲ್ಲಿ ಮುಗಿಯುತ್ತಿತ್ತು. ನಾನು ಹೇಳಿದ್ದು ಇದು: "ಮೊಬೈಲ್ ಆಕಿ ಕೈಯಾಗ ಕೊಟ್ಟಿದ್ದೆ ಸರ್. ಮನಿಮನಿಗೆ ಹೋಗಿ ಬಾ ಅಂದ್ರ ಕಟ್ಟಿಗೆ ಕುಂತ ಒತ್ಯಾಳ ಕಾಣಸ್ತೈತಿ."

ನಾನು ಮಾಡಿದ್ದನ್ನೇ ಚಾಚೂ ತಪ್ಪದೆ ವರ್ಣಿಸಿ ಆಕೆಯ ಮೇಲೆ ಹೊರಿಸಿದೆ. ಆಕೆ ಎಲ್ಲರೆದುರು ಬೈಸಿಕೊಂಡಳು. ಹೊರಗೆ ಹೋಗುವಾಗ, "ಯಾಕ್ರಿ ಅಣ್ಣಾರ?" ಎಂದಷ್ಟೇ ಕೇಳಿದಳು. ನಾನು ಲ್ಯಾಪ್‌ಟಾಪ್ ನೋಡುತ್ತ ಕೂತೆ.

ಅಗಸಿಯ ನಳ ಬಂದ್ ಮಾಡಿ ನೀರಿನ ಟಾಕಿ ತೊಳೆಸಿದರು. ಕೇರಿಯ ಪೈಪ್ ಹಾಗೇ ಉಳಿಯಿತು. ಎರಡು ವಾರದೊಳಗೆ ಆಕೆಯ ಅತ್ತೆ ವಾಂತಿಭೇದಿಯಾಗಿ, ಹುಬ್ಬಳ್ಳಿಗೆ ಒಯ್ಯುವ ದಾರಿಯಲ್ಲಿ ತೀರಿಕೊಂಡಳು.

ಸಾವಿನ ವರದಿಗೆ ಆ ಮನೆಯ ಚುಕ್ಕಿ ಬೇಕಾಯಿತು. ಈ ಸಲ ಅಧಿಕಾರಿ ಜೊತೆಗೇ ಬಂದಿದ್ದರಿಂದ ನಾನು ಕೇರಿಯೊಳಗೆ ಹೋಗಲೇಬೇಕಾಯಿತು. ಪೈಪ್ ಆಕೆ ಹೇಳಿದಲ್ಲೇ ಒಡೆದಿತ್ತು, ಮೇಲೆ ಗಟಾರದ ಕಪ್ಪು ನೀರು. ಅಗಸಿಯಿಂದ ಅಲ್ಲಿಗೆ ಎಂಬತ್ತು ಹೆಜ್ಜೆಯೂ ಇರಲಿಕ್ಕಿಲ್ಲ. ಹೊಸ್ತಿಲ ಮುಂದೆ ನಿಂತು ಒತ್ತಿದೆ.

ಬಾಗಿಲಲ್ಲಿ ನಿಂತಿದ್ದ ಆಕೆ, "ಈಗ ಸಿಕ್ತೇನ್ರಿ ನಮ್ಮ ಮನಿ?" ಎಂದಳು.

ಅಧಿಕಾರಿ ಪಕ್ಕದಲ್ಲೇ ಇದ್ದರು. "ಚುಕ್ಕಿ ಬಿತ್ರಿ ಸರ್," ಎಂದು ಮೊಬೈಲನ್ನು ಅವರತ್ತ ಹಿಡಿದೆ.

ಆ ಹದಿನೇಳು ಚುಕ್ಕಿಗಳನ್ನೂ ಹೊಸ್ತಿಲಲ್ಲಿ ನಿಂತು ಮತ್ತೆ ಒತ್ತಿದೆ, ಪೈಪ್ ಬದಲಾಯಿತು. ನಕಾಶೆ ತಿದ್ದಿದವನೆಂದು ನನಗೆ ಶಾಲು ಹೊದಿಸಿದರು, ಹೊದಿಸಿಕೊಂಡೆ. ಆಕೆ ಆಶಾ ಕೆಲಸ ಬಿಟ್ಟು ಹತ್ತಿ ಬಿಡಿಸಲು ಹೋಗತೊಡಗಿದಳು. ದೇವರ ಮುಂದೆ ತಪ್ಪಾಯಿತೆಂದು ಹೇಳಿದ್ದೇನೆ, ಹೆಂಡತಿಯ ಮುಂದೆ ಅತ್ತಿದ್ದೇನೆ. ಅದಕ್ಕೆಲ್ಲ ಧೈರ್ಯ ಬೇಕಿರಲಿಲ್ಲ. ತಪ್ಪಾಯಿತೆಂಬ ಒಂದು ಮಾತನ್ನು ನಾನು ಇನ್ನೂ ಹೇಳದೆ ಉಳಿದಿರುವುದು, ನನ್ನ ಸುಳ್ಳು ಹೊತ್ತು ಅತ್ತೆಯನ್ನೂ ಕಳೆದುಕೊಂಡು, ಇವತ್ತಿಗೂ ಬಸ್‌ ಸ್ಟ್ಯಾಂಡಿನಲ್ಲಿ ಎದುರಾದರೆ ನನ್ನ ಮುಖವನ್ನು ನೇರವಾಗಿ ನೋಡಿ ಹಾದುಹೋಗುವ ಆ ಕೇರಿಯ ಸೊಸೆಗೆ.