ಹದಿನೈದನೆಯ ಲಕೋಟೆ

ಬೆಳುವಾಯಿಯ ರಾಜೀವಿ ನರ್ಸ್ ಆದದ್ದು ಅವಳ ಸೋದರಮಾವ ನೋಣಯ್ಯನವರ ಹಠದಿಂದ. ಅವರದು ಅಳಿಯಸಂತಾನದ ಕುಟುಂಬ. ತಾಯಿಯ ಅಣ್ಣನೇ ಯಜಮಾನ. ಊರವರ ಹುಣ್ಣು ತೊಳೆಯುವ ಕೆಲಸ ನಮ್ಮ ಹುಡುಗಿಗೆ ಯಾಕೆ ಎಂದು ತಾಯಿ ಪೂವಮ್ಮ ಅತ್ತು ಕರೆದಾಗ ನೋಣಯ್ಯ ಒಂದೇ ಮಾತಿನಲ್ಲಿ ಮುಗಿಸಿದ್ದರು: "ಅವಳಿಗೆ ರಕ್ತ ಕಂಡ್ರೆ ಹೆದರಿಕೆ ಇಲ್ಲ. ಕಲೀಲಿ." ತಾವೇ ಅವಳ ಟ್ರಂಕು ಹೊತ್ತುಕೊಂಡು ಬಸ್ಸು ಹತ್ತಿ ಮಂಗಳೂರಿನ ಹಾಸ್ಟೆಲಿಗೆ ಬಿಟ್ಟು ಬಂದರು. ಅದು ಐವತ್ತಾರನೆಯ ಇಸವಿ. ನಾಲ್ಕು ವರ್ಷದ ನಂತರ ರಾಜೀವಿ ಮೂಡುಬಿದಿರೆಯ ಹದಿನೆಂಟು ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿದಳು.

ಆಸ್ಪತ್ರೆಯ ಕಮಲಾಕ್ಷ ಡಾಕ್ಟರು ಹೃದಯದ ಕಾಯಿಲೆ ಓದಿ ಬಂದವರು. ಇಸಿಜಿ ಯಂತ್ರ ತರಿಸಿದ್ದರು. ಎದೆನೋವಿನವರನ್ನು ಬಂಟ್ವಾಳ, ಬೆಳ್ತಂಗಡಿಯ ಡಾಕ್ಟರುಗಳೂ ಅವರ ಬಳಿಗೇ ಕಳಿಸುತ್ತಿದ್ದರು. ಅರವತ್ತೈದರಲ್ಲಿ ಅವರು ಒಂದು ಸಂಶೋಧನೆಗೆ ಕೈಹಾಕಿದರು. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಅದರಾಚೆಯ ಮಾಂಸಖಂಡ ಹಸಿವಿನಿಂದ ಸಾಯತೊಡಗುತ್ತದೆ. ಆಗ ಗ್ಲೂಕೋಸು, ಇನ್ಸುಲಿನ್, ಪೊಟ್ಯಾಸಿಯಂ ಬೆರೆಸಿದ ನೀರನ್ನು ನರಕ್ಕೆ ಹನಿಹನಿಯಾಗಿ ಕೊಟ್ಟರೆ ಸ್ವಲ್ಪ ಭಾಗವನ್ನಾದರೂ ಉಳಿಸಿಕೊಳ್ಳಬಹುದೆಂದು ಹೊರದೇಶದ ಕೆಲವರು ಹೇಳುತ್ತಿದ್ದರು. ನಿಜವೋ ಸುಳ್ಳೋ ತಿಳಿಯಬೇಕಿತ್ತು.

ಡಾಕ್ಟರು ನಲವತ್ತು ಲಕೋಟೆ ಮಾಡಿ, ಅಂಟಿಸಿ, ನಂಬರು ಹಾಕಿ, ಒಂದು ಬಿಸ್ಕತ್ತಿನ ಡಬ್ಬದಲ್ಲಿಟ್ಟರು. ಇಪ್ಪತ್ತರೊಳಗೆ 'ಬಾಟ್ಲಿ' ಎಂಬ ಚೀಟಿ, ಇಪ್ಪತ್ತರೊಳಗೆ 'ಮಾಮೂಲು' ಎಂಬ ಚೀಟಿ. ಯಾವುದರಲ್ಲಿ ಯಾವುದಿದೆ ಎಂದು ಅವರಿಗೂ ಗೊತ್ತಿರದ ಹಾಗೆ ಕಲಸಿದ್ದರು. ಹೃದಯಾಘಾತದ ರೋಗಿ ಬಂದಾಗ ಮುಂದಿನ ನಂಬರಿನ ಲಕೋಟೆ ಒಡೆಯುವುದು. ಮಾಮೂಲು ಚಿಕಿತ್ಸೆ ಎಲ್ಲರಿಗೂ, ಬಾಟ್ಲಿ ಬಂದವರಿಗೆ ಅದರ ಮೇಲೆ ಮೂರು ದಿನ ಆ ನೀರು. ಡಬ್ಬ ರಾಜೀವಿಯ ವಶದಲ್ಲಿತ್ತು.

"ಎಲ್ಲರಿಗೂ ಬಾಟ್ಲಿಯೇ ಕೊಡಬಹುದಲ್ವಾ ಡಾಕ್ಟ್ರೇ?" ಎಂದು ಅವಳು ಮೊದಲೇ ಕೇಳಿದ್ದಳು.

"ಕೊಟ್ರೆ, ಬದುಕಿದವರು ಬಾಟ್ಲಿಯಿಂದ ಬದುಕಿದ್ದೋ ತಾವಾಗಿ ಬದುಕಿದ್ದೋ ಹೇಗೆ ಗೊತ್ತಾಗ್ತದೆ? ನಾನು ಆರಿಸಿದ್ರೆ ಬದುಕುವ ಹಾಗೆ ಕಾಣುವವರಿಗೇ ಕೊಟ್ಟುಬಿಡ್ತೇನೆ. ನನ್ನ ಕೈಯನ್ನೇ ನಾನು ನಂಬುವುದಿಲ್ಲ ರಾಜೀವಿ. ಅದಕ್ಕೇ ಲಕೋಟೆ."

ಅವಳಿಗೆ ಅರ್ಥವಾಯಿತು. ಆದರೆ ದಿನವೂ ವಾರ್ಡಿನಲ್ಲಿ ನಿಲ್ಲುವವಳು ಅವಳು. ಅರವತ್ತಾರರ ಆಗಸ್ಟಿನ ಹೊತ್ತಿಗೆ ಹದಿಮೂರು ಲಕೋಟೆ ಒಡೆದಿದ್ದವು. ಬಾಟ್ಲಿಯ ಏಳು ಮಂದಿಯಲ್ಲಿ ಸತ್ತವನು ಒಬ್ಬ. ಮಾಮೂಲಿನ ಆರು ಮಂದಿಯಲ್ಲಿ ಮೂವರು. ಡಾಕ್ಟರು "ಇದು ಏನೂ ಅಲ್ಲ, ಇನ್ನೂ ಕಾಯಬೇಕು" ಎಂದರೂ ಬಾಟ್ಲಿ ಜೀವ ಉಳಿಸುತ್ತದೆಂದು ರಾಜೀವಿಯ ಮನಸ್ಸು ಆಗಲೇ ತೀರ್ಮಾನಿಸಿಬಿಟ್ಟಿತ್ತು.

ಆ ತಿಂಗಳ ಒಂದು ಮಧ್ಯಾಹ್ನ ಬಾಡಿಗೆ ಕಾರೊಂದು ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ತಾಯಿ ಪೂವಮ್ಮ, ಅವಳ ತೊಡೆಯ ಮೇಲೆ ತಲೆಯಿಟ್ಟು ನೋಣಯ್ಯ. ಮುಖ ಬೂದಿಯ ಬಣ್ಣ. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು.

"ಎದೆ ಮೇಲೆ ಯಾರೋ ಕೂತ ಹಾಗೆ ಆಗ್ತದೆ ಮಗಾ," ಎಂದರು.

ಇಸಿಜಿಯ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಡಾಕ್ಟರು ನೋವಿಗೆ ಚುಚ್ಚುಮದ್ದು ಕೊಟ್ಟರು. ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಕರೆ ಬಂತು. "ದೊಡ್ಡ ಅಟ್ಯಾಕ್. ಮುಂದಿನ ಲಕೋಟೆ ಒಡೆದು ಅದರ ಪ್ರಕಾರ ಶುರು ಮಾಡಿ," ಎಂದು ಹೋದರು. ರೋಗಿ ಅವಳ ಮಾವ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವಳೂ ಹೇಳಲಿಲ್ಲ.

ಹದಿನಾಲ್ಕನೆಯ ಲಕೋಟೆ ಒಡೆದಳು. ಮಾಮೂಲು.

ಸೂಜಿ ಕುದಿಸುವ ಪಾತ್ರೆ ಪಕ್ಕದಲ್ಲೇ ಹಬೆಯಾಡುತ್ತಿತ್ತು. ಹದಿನೈದನೆಯ ಲಕೋಟೆಯನ್ನು ಹಬೆಗೆ ಹಿಡಿದದ್ದು ತನ್ನ ಕೈಯೇ ಎಂದು ಅವಳಿಗೆ ಅನಿಸಲಿಲ್ಲ. ಅಂಟು ಬಿಟ್ಟುಕೊಂಡಿತು. ಒಳಗಿದ್ದದ್ದು ಬಾಟ್ಲಿ. ಚೀಟಿಗಳನ್ನು ಅದಲುಬದಲು ಮಾಡಿದಳು, ಹದಿನೈದನ್ನು ಗೋಂದು ಹಚ್ಚಿ ಮುಚ್ಚಿದಳು, ಡಬ್ಬದಲ್ಲಿಟ್ಟಳು. ಎಲ್ಲ ಸೇರಿ ಐದು ನಿಮಿಷವೂ ಆಗಿರಲಿಕ್ಕಿಲ್ಲ. ನಂತರ ಮಾವನ ಕೈಯಲ್ಲಿ ನರ ಹುಡುಕಿ, ಬಾಟ್ಲಿ ತೂಗುಹಾಕಿ, ಹನಿ ಎಣಿಸುತ್ತಾ ನಿಂತಳು. ಪೊಟ್ಯಾಸಿಯಂ ವೇಗವಾಗಿ ಹೋದರೆ ಹೃದಯವೇ ನಿಲ್ಲಬಹುದು. ನಿಧಾನವಾದರೆ ಪ್ರಯೋಜನವಿಲ್ಲ. ಅವಳು ಊಟಕ್ಕೂ ಕದಲಲಿಲ್ಲ.

ಮರುದಿನ ಬೆಳಿಗ್ಗೆ ಮಡಂತ್ಯಾರಿನಿಂದ ಸಂಕಪ್ಪ ಎಂಬ ದರ್ಜಿ ಬಂದ. ನಲವತ್ತೆಂಟು ವರ್ಷದ ಗಟ್ಟಿ ಆಳು. ಜೊತೆಗೆ ಹೆಂಡತಿ ಸೇಸಮ್ಮ. ಅವನಿಗೂ ಹೃದಯಾಘಾತವೇ. ಈ ಸಲ ಡಾಕ್ಟರು ತಾವೇ ಡಬ್ಬಕ್ಕೆ ಕೈಹಾಕಿದರು. ಲಕೋಟೆಯ ಅಂಚು ಹರಿಯುವಾಗ ರಾಜೀವಿಯ ಕಣ್ಣು ಅವರ ಹೆಬ್ಬೆರಳಿನ ಮೇಲೆಯೇ ಇತ್ತು. ಅವರು ಏನೂ ಗಮನಿಸಲಿಲ್ಲ. "ಮಾಮೂಲು," ಎಂದು ಬರೆದುಕೊಂಡರು.

ಸಂಕಪ್ಪನಿಗೆ ಕೊಟ್ಟದ್ದು ನೋಣಯ್ಯನವರ ಪಕ್ಕದ ಹಾಸಿಗೆ.

ಆ ಮಧ್ಯಾಹ್ನ ನೋಣಯ್ಯ ಇದ್ದಕ್ಕಿದ್ದ ಹಾಗೆ ನಡುಗತೊಡಗಿದರು. ಬೆವರು ಸುರಿಯಿತು. ಗದ್ದೆಗೆ ಎತ್ತು ಬಂದಿದೆ, ಓಡಿಸಿ ಎಂದು ಏನೇನೋ ಬಡಬಡಿಸಿದರು. ರಕ್ತದ ಸಕ್ಕರೆ ಇಳಿದಿದೆಯೆಂದು ರಾಜೀವಿಗೆ ಕೂಡಲೇ ಹೊಳೆಯಿತು. ಬಾಟ್ಲಿಯಲ್ಲಿದ್ದ ಇನ್ಸುಲಿನ್ನಿನದೇ ಕೆಲಸ. ತನ್ನ ಕೈಯಿಂದಲೇ ಮಾವನನ್ನು ಕೊಂದೆನಲ್ಲ ಎಂದುಕೊಳ್ಳುತ್ತಾ ಹನಿ ನಿಲ್ಲಿಸಿ, ಸಕ್ಕರೆ ನೀರನ್ನು ಚಮಚದಲ್ಲಿ ಕುಡಿಸಿದಳು. ಕಾಲು ಗಂಟೆಯಲ್ಲಿ ಅವರು ಕಣ್ಣರಳಿಸಿ, "ನೀನು ಯಾಕೆ ಅಳುವುದು?" ಎಂದು ಕೇಳಿದರು.

ಅವರು ಚೇತರಿಸಿಕೊಂಡರು. ಸಂಕಪ್ಪನೂ ಮೂರು ದಿನ ಚೆನ್ನಾಗಿಯೇ ಇದ್ದ. ಅವನ ಗಂಜಿ, ಅವನ ನಾಡಿ, ಅವನ ದಿಂಬು, ಎಲ್ಲವನ್ನೂ ರಾಜೀವಿ ಬೇರೆ ಯಾರಿಗೂ ಬಿಡದೆ ನೋಡಿಕೊಂಡಳು. "ನನ್ನ ತಂಗಿಯೂ ಇಷ್ಟು ಮಾಡ್ಲಿಕ್ಕಿಲ್ಲ ಸಿಸ್ಟರ್," ಎಂದು ಅವನು ನಕ್ಕಾಗ ಅವಳು ಮುಖ ತಿರುಗಿಸಿದಳು. ನಾಲ್ಕನೆಯ ದಿನ ಬೆಳಿಗ್ಗೆ ಹತ್ತಕ್ಕೆ, ಹೆಂಡತಿಯೊಡನೆ ಮಾತಾಡುತ್ತಿದ್ದ ಹಾಗೆಯೇ ಅವನ ತಲೆ ವಾಲಿತು. ಡಾಕ್ಟರು ಓಡಿ ಬಂದರು, ಎದೆ ಒತ್ತಿದರು. ಆಗಲಿಲ್ಲ.

ಸೇಸಮ್ಮ ಕಿರುಚಲಿಲ್ಲ. ಗಂಡನ ಕಾಲಿನ ಮೇಲೆ ಕೈಯಿಟ್ಟು ಕೂತಿದ್ದವಳು ರಾಜೀವಿಯ ಕಡೆ ನೋಡಿದಳು.

"ಪಕ್ಕದವರಿಗೆ ಬಾಟ್ಲಿ ಹಾಕಿದ್ರಲ್ಲ ಸಿಸ್ಟರ್. ಇವರಿಗೆ ಯಾಕೆ ಹಾಕ್ಲಿಲ್ಲ?"

ರಾಜೀವಿ ಬಾಗಿ ಸಂಕಪ್ಪನ ಮೈಮೇಲಿನ ಹೊದಿಕೆ ಸರಿಮಾಡಿದಳು.

ಹೆಣ ಹೊತ್ತ ಕಾರು ಗೇಟು ದಾಟಿದ ಮೇಲೆ ಅವಳು ಡಾಕ್ಟರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬಾಟ್ಲಿ ಹಾಕಿದ್ರೆ ಅವನು ಬದುಕ್ತಿದ್ನಾ ಡಾಕ್ಟ್ರೇ?"

"ಗೊತ್ತಿಲ್ಲ."

"ಅಂದಾಜಿಗಾದ್ರೂ ಹೇಳಿ."

"ಗೊತ್ತಿದ್ದಿದ್ರೆ ನಾನು ಲಕೋಟೆ ಯಾಕೆ ಮಾಡ್ತಿದ್ದೆ?" ಅವರ ದನಿ ಏರಿತು. "ನನ್ನ ಮಾವ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ, ಡಬ್ಬ ನಿಮ್ಮ ಕೈಯಿಂದ ತೆಗೀತಿದ್ದೆ. ಅದನ್ನು ನಾನು ಕೇಳಬೇಕಿತ್ತು, ಅದೂ ಹೌದು."

ಅವರು ಪುಸ್ತಕ ತೆರೆದು ಹದಿನಾಲ್ಕು, ಹದಿನೈದು ಎರಡನ್ನೂ ಹೊಡೆದುಹಾಕಿದರು. ಡಬ್ಬವನ್ನು ತಮ್ಮ ಕಪಾಟಿಗೆ ಸೇರಿಸಿ ಬೀಗ ಹಾಕಿದರು. ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ವಾಸಿಯಿತ್ತೆಂದು ಅವಳಿಗೆ ಎಷ್ಟೋ ದಿನ ಅನಿಸಿತು.

ಯಾಕೆಂದರೆ ಲಕೋಟೆಗಳು ಒಡೆಯುತ್ತಲೇ ಇದ್ದವು. ಮೊದಲು ಯಾವ ಬಾಟ್ಲಿ ಗೆಲ್ಲಲಿ ಎಂದು ಹಾರೈಸಿದ್ದಳೋ ಈಗ ಅದು ಸೋಲಲಿ ಎಂದು ಅವಳ ಒಳಗು ಬೇಡುತ್ತಿತ್ತು. ಬಾಟ್ಲಿಯಿಂದ ಜೀವ ಉಳಿಯುವುದು ನಿಜವಾದರೆ ಸಂಕಪ್ಪನ ಜೀವ ತೆಗೆದವಳು ತಾನು. ಬಾಟ್ಲಿಯ ರೋಗಿಯೊಬ್ಬ ನಡೆದುಕೊಂಡು ಮನೆಗೆ ಹೊರಟರೆ ಅವಳ ಎದೆ ಕುಗ್ಗುತ್ತಿತ್ತು. ಒಮ್ಮೆ ಬಾಟ್ಲಿ ಹಾಕಿದ ಮುದುಕನೊಬ್ಬ ಸತ್ತಾಗ ತನ್ನೊಳಗೆ ಹಗುರವಾದ ಹಾಗಾದದ್ದನ್ನು ಗಮನಿಸಿ, ಹಿತ್ತಲಿನ ಬಾವಿಕಟ್ಟೆಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ರೋಗಿಗಳ ಆರೈಕೆಯಲ್ಲಿ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಬಾಟ್ಲಿಯ ಹಾಸಿಗೆಗಳಿಗಂತೂ ಎರಡೆರಡು ಸಲ ಹೋಗಿ ಹನಿ ಎಣಿಸುತ್ತಿದ್ದಳು, ತನ್ನ ಮೇಲೆ ತನಗೇ ನಂಬಿಕೆಯಿಲ್ಲದೆ.

ಮಾವನಿಗೆ ವಿಷಯ ಹೇಳಿದ್ದು ಆರು ತಿಂಗಳ ಮೇಲೆ. ನೋಣಯ್ಯ ಅಂಗಳದಲ್ಲಿ ಬತ್ತ ಹರಡುತ್ತಿದ್ದರು. ಕೇಳಿ ಅಲ್ಲೇ ಕುಕ್ಕರುಗಾಲಲ್ಲಿ ಕೂತರು.

"ನನ್ನನ್ನು ಕೇಳಿದ್ರೆ ಬೇಡ ಅಂತಿದ್ದೆ," ಎಂದರು. ಬತ್ತದ ಮೇಲೆ ಕೈಯಾಡಿಸುತ್ತಾ, "ಅಂತಿದ್ದೆನೋ ಇಲ್ಲವೋ. ಆಗ ನನಗೂ ಹೆದರಿಕೆ ಇತ್ತು," ಎಂದರು. ಸಂಕಪ್ಪನ ಹೆಸರನ್ನು ಅವರು ಮತ್ತೆ ಎತ್ತಲಿಲ್ಲ. ಆದರೆ ಅಂದಿನಿಂದ ಅವಳ ಎದುರು ಎದೆನೋವಿನ ಮಾತನ್ನೂ ಆಡಲಿಲ್ಲ.

ಅರವತ್ತೆಂಟರ ಕೊನೆಗೆ ನಲವತ್ತನೆಯ ಲಕೋಟೆಯೂ ಮುಗಿಯಿತು. ಡಾಕ್ಟರು ಅವಳನ್ನು ಕರೆದು ಕಾಗದ ಮುಂದಿಟ್ಟರು. ಎರಡು ಬದಿಯಲ್ಲೂ ಹತ್ತೊಂಬತ್ತು ಮಂದಿ. ಬಾಟ್ಲಿಯವರಲ್ಲಿ ಸತ್ತದ್ದು ಐವರು, ಮಾಮೂಲಿನವರಲ್ಲಿ ಐವರು.

"ವ್ಯತ್ಯಾಸ ಕಾಣುವುದಿಲ್ಲ. ನಮ್ಮದು ಸಣ್ಣ ಲೆಕ್ಕ, ಇದನ್ನೇ ಕೊನೆಯ ಮಾತು ಅನ್ನಲಿಕ್ಕಾಗುವುದಿಲ್ಲ. ಆದ್ರೆ ಆರಂಭದಲ್ಲಿ ನಮಗೆ ಕಂಡದ್ದು ಬರೀ ಆಕಸ್ಮಿಕ."

ರಾಜೀವಿ ಎರಡು ಬದಿಯ ಅಂಕಿಗಳನ್ನೂ ಮತ್ತೊಮ್ಮೆ ಓದಿದಳು. ಎರಡು ವರ್ಷದಿಂದ ಬಿಗಿಹಿಡಿದಿದ್ದ ಉಸಿರು ಹೊರಬಿತ್ತು. ಅದರ ಹಿಂದೆಯೇ ಒಂದು ನಾಚಿಕೆಯೂ ಬಂತು. ಇಷ್ಟು ಮಂದಿಯ ಹೃದಯ ಉಳಿಸಬಹುದಾಗಿದ್ದ ಮದ್ದು ಕೈಗೆ ಸಿಗಲಿಲ್ಲ. ತಾನೋ ಸಂತೋಷಪಡುತ್ತಿದ್ದಳು.

ಮುಂದಿನ ಆದಿತ್ಯವಾರ ಅವಳು ಮಡಂತ್ಯಾರಿನ ಬಸ್ಸು ಹತ್ತಿದಳು. ಸೇಸಮ್ಮ ಗಂಡನ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದವಳು ಮೆಷಿನು ನಿಲ್ಲಿಸಿ, ಗುರುತು ಹಿಡಿದು, ಸ್ಟೂಲು ಎಳೆದು ಕೊಟ್ಟಳು. ರಾಜೀವಿ ಕೂರದೆ ಎಲ್ಲವನ್ನೂ ಹೇಳಿದಳು: ಲಕೋಟೆ, ಹಬೆ, ಚೀಟಿ. ಕೊನೆಗೆ, ಬಾಟ್ಲಿಯಿಂದ ಏನೂ ಉಪಯೋಗ ಕಾಣಲಿಲ್ಲವಂತೆ ಎಂಬುದನ್ನೂ ಹೇಳಿದಳು.

ಸೇಸಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು. ಮತ್ತೆ ಬಿಚ್ಚಿದಳು.

"ಉಪಯೋಗ ಇಲ್ಲ ಅಂತ ಗೊತ್ತಾದ ಮೇಲೆ ಬಂದ್ರಿ ಅಲ್ವಾ?"

"ಹೌದು."

"ಉಂಟು ಅಂತ ಆಗಿದ್ರೆ ಬರ್ತಿದ್ರಾ?"

ಬರುತ್ತಿದ್ದೆ ಎನ್ನಲು ರಾಜೀವಿ ಬಾಯಿ ತೆರೆದಳು. ಆದರೆ ಆ ಹೆಂಗಸಿನ ಎದುರು ಸುಳ್ಳು ಹೇಳಲು ಆಗಲಿಲ್ಲ. "ಗೊತ್ತಿಲ್ಲ ಸೇಸಮ್ಮ," ಎಂದಳು.

ಹೊರಗೆ ಬೆಳ್ತಂಗಡಿಯ ಬಸ್ಸು ಹಾರ್ನು ಹಾಕುತ್ತಾ ದಾಟಿಹೋಯಿತು. ಸೇಸಮ್ಮ ತಲೆ ಬಗ್ಗಿಸಿ ಮೆಷಿನಿನ ಗಾಲಿಗೆ ಕೈಯಿಟ್ಟಳು. ತುಳಿಯಲಿಲ್ಲ.

"ಸಿಟ್ಟು ಉಂಟು ನನಗೆ," ಎಂದಳು. "ಇವತ್ತು ಹೋಗ್ಲಿಕ್ಕಿಲ್ಲ ಅದು. ನೀವು ಕೂತ್ಕೊಳ್ಳಿ, ಬಿಸಿಲಲ್ಲಿ ಬಂದಿದ್ದೀರಿ. ಅವರು ಆ ನಾಲ್ಕು ದಿನ ನಿಮ್ಮ ಹತ್ರ ಎಂಥ ಎಲ್ಲ ಮಾತಾಡಿದ್ರು, ಅದನ್ನು ಹೇಳಿ."

ರಾಜೀವಿ ಸ್ಟೂಲಿನ ಮೇಲೆ ಕೂತಳು. ಸಂಕಪ್ಪ ಗಂಜಿಗೆ ಉಪ್ಪು ಕಡಿಮೆಯೆಂದು ತಕರಾರು ಮಾಡಿದ್ದರಿಂದ ಶುರುಮಾಡಿದಳು.