ಭುಜಬಲಯ್ಯನವರು ಬರೆಯದ ಕಾರ್ಡುಗಳು

ತೀರ್ಥಹಳ್ಳಿಯ ಭುಜಬಲಯ್ಯನವರನ್ನು ನಾನು ಮೊದಲು ಕಂಡಾಗ ಅವರ ತಲೆ ಕೊಳಗದೊಳಗಿತ್ತು. ಎಪ್ಪತ್ತಮೂರನೇ ಇಸವಿ. ನನ್ನ ತಂಗಿ ಮೂಕಮ್ಮನ ಮದುವೆಗೆಂದು ಅವರ ಅಂಗಡಿಯಿಂದ ಬಾಡಿಗೆಗೆ ತಂದಿದ್ದ ತಾಮ್ರದ ಕೊಳಗವನ್ನು ವಾಪಸ್ ಕೊಡಲು ಹೋಗಿದ್ದೆ. ಅವರು ಹೊಳಪು ನೋಡಲಿಲ್ಲ, ತಗ್ಗು ಬಿದ್ದಿದೆಯೋ ಎಂದು ತಟ್ಟಿ ನೋಡಲೂ ಇಲ್ಲ. ಕುತ್ತಿಗೆಯವರೆಗೆ ಬಗ್ಗಿ ಮೂಸಿದರು. ಮಾತು ಕೊಳಗದ ಒಳಗಿನಿಂದಲೇ ಬಂತು.

“ಹುಣಸೆಹಣ್ಣಲ್ಲ. ವಾಟೆಹುಳಿ ಹಾಕಿ ತಿಕ್ಕಿದೀಯ.”

ಹೌದು ಎಂದೆ. ತಲೆ ಹೊರಗೆ ತೆಗೆದು, ನಾಳೆಯಿಂದ ಪಾತ್ರೆ ತೊಳೆಯುವ ಕೆಲಸಕ್ಕೆ ಬರುತ್ತೀಯಾ ಎಂದು ಕೇಳಿದರು. ನನ್ನ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಬರುತ್ತೇನೆ ಎಂದೆ.

ಮೂಸುವುದಕ್ಕೆ ಕಾರಣವಿತ್ತು. ಅವರು ಜೈನರು. ಅವರ ಪಾತ್ರೆಗಳಿಗೆ ಮೀನು ಮಾಂಸ ಸೋಕಿದ್ದೇ ಇಲ್ಲ. ಆ ನಂಬಿಕೆಯಿಂದಲೇ ಹೊಸನಗರ, ಸಾಗರದ ಕಡೆಯ ಜೈನರು, ಬ್ರಾಹ್ಮಣರು ಮದುವೆಗೆ, ಉಪನಯನಕ್ಕೆ ಅವರ ಹಂಡೆ ಕೊಳಗಗಳನ್ನೇ ತರಿಸುತ್ತಿದ್ದರು. ನಮ್ಮ ಗೌಡರ ಮನೆಗಳವರೂ ಒಯ್ಯುತ್ತಿದ್ದರು, ಆದರೆ ಬೀಗರ ಊಟದ ಹಿಂದಿನ ದಿನವೇ ಎಲ್ಲವೂ ವಾಪಸ್ ಬಂದಿರಬೇಕು. ಬಾಡೂಟದ ಪಾತ್ರೆಗೆ ಬೇರೆ ಅಂಗಡಿ. ನನಗೂ ಮೊದಲ ದಿನವೇ ಹೇಳಿದ್ದರು, ನಿನ್ನ ಮನೆಯಲ್ಲಿ ನೀನು ಏನು ಬೇಕಾದರೂ ತಿನ್ನು, ಕೈ ತೊಳೆದುಕೊಂಡು ಬಾ ಅಂತ.

ವ್ಯವಹಾರವೆಲ್ಲ ಪೋಸ್ಟ್ ಕಾರ್ಡಿನಲ್ಲಿ. ಇಂಥ ದಿನ ಮದುವೆ, ಇಷ್ಟು ಪಾತ್ರೆ ಬೇಕು ಎಂದು ಜನ ಬರೆಯುತ್ತಿದ್ದರು. ಆಗಲಿ ಎಂದು ಇವರು ಒಂದು ಕಾರ್ಡು ಹಾಕಿದರೆ ಮುಗಿಯಿತು. ಆ ದಿನಕ್ಕೆ ಪಾತ್ರೆಗಳು ಬಸ್ಸಿನ ತಲೆಯ ಮೇಲೆ ಕುಳಿತು ಹೋಗುತ್ತಿದ್ದವು.

ಎಪ್ಪತ್ತೆಂಟರ ಮಾಘದಲ್ಲಿ, ಮದುವೆಗಳು ಇನ್ನೇನು ಶುರುವಾಗಬೇಕು, ಅಂಚೆಯ ಶಂಭು ಒಂದು ಹಿಡಿ ಕಾರ್ಡು ತಂದು ಕಟ್ಟೆಯ ಮೇಲಿಟ್ಟ. ಎಲ್ಲವೂ ವಾಪಸ್ ಬಂದ ಕಾರ್ಡುಗಳು.

“ಏನ್ ಭುಜಬಲಣ್ಣ, ನೀರೊಳಗಿರೋರಿಗೂ ಪಾತ್ರೆ ಕೊಡಕ್ಕೆ ಶುರು ಮಾಡಿದ್ರಾ?” ಎಂದ.

ಕಾರ್ಡುಗಳ ಮೇಲಿದ್ದ ಊರುಗಳೆಲ್ಲ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಲ್ಲಿ ಎಂದೋ ಮುಳುಗಿದ್ದವು. ಊರಿಲ್ಲ ಎಂದು ಬರೆದು ಅಂಚೆಯವರು ತಿರುಗಿ ಕಳಿಸಿದ್ದರು. ‘ಇಂದ’ ಎಂಬಲ್ಲಿ ಭುಜಬಲಯ್ಯನವರ ಹೆಸರು, ಅಂಗಡಿಯ ವಿಳಾಸ, ಒಂದಕ್ಷರ ತಪ್ಪಿಲ್ಲ. ಆದರೆ ಅವರು ಬರೆದದ್ದು ಒಂದೂ ಅಲ್ಲ. ಕಾರ್ಡಿನ ಒಕ್ಕಣೆ ಅಚ್ಚು ಹಾಕಿಸಿದ್ದು. ಈ ವರ್ಷದಿಂದ ನಮ್ಮಲ್ಲಿ ಬಾಡೂಟಕ್ಕೂ ಪಾತ್ರೆ ಕೊಡಲಾಗುವುದು ಎಂದಿತ್ತು.

ಭುಜಬಲಯ್ಯ ಮೊದಲು ನಕ್ಕುಬಿಟ್ಟರು. ಮುಳುಗಿದ ಊರಿನಲ್ಲಿ ಮೀನಿನ ಊಟವೇ ಇರಬೇಕು ಎಂದು ಶಂಭುವಿಗೆ ತಮಾಷೆಯನ್ನೂ ಮಾಡಿದರು. ಅವನು ಹೋದ ಮೇಲೆ ಬೋರಲು ಹಾಕಿದ ಹಂಡೆಯ ಮೇಲೆ ಕುಳಿತರು.

“ವಾಪಸ್ ಬಂದದ್ರ ಚಿಂತೆ ಇಲ್ಲ ದುಗ್ಗಮ್ಮ. ವಾಪಸ್ ಬರದೇ ಇದ್ದದ್ದು ಎಷ್ಟು ಮನೆ ಸೇರಿದ್ಯೋ.”

ಅಲ್ಲಿಯವರೆಗೆ ನನಗದು ಹೊಳೆದಿರಲಿಲ್ಲ. ಊರು ಇಲ್ಲದ್ದಕ್ಕೆ ಇವು ಬಂದವು. ಊರು ಇದ್ದಲ್ಲಿ ಕಾರ್ಡು ತಲುಪಿದೆ, ಜನ ಓದಿದ್ದಾರೆ. ಜೈನರೂ ಬ್ರಾಹ್ಮಣರೂ ಇವರ ಪಾತ್ರೆ ಬೇಡ ಎಂದರೆ ಆ ಅಂಗಡಿಗೆ ಬೀಗ ಹಾಕಿದ ಹಾಗೆಯೇ.

ಯಾರ ಕೆಲಸ ಎಂಬುದು ಕೊನೆಗೂ ತಿಳಿಯಲಿಲ್ಲ. ಪೇಟೆಯಲ್ಲಿ ಒಂದೆರಡು ಹೆಸರು ಓಡಾಡಿದವು. ಕಾಣದ್ದನ್ನು ಹೇಳಬೇಡಿ ಎಂದು ಭುಜಬಲಯ್ಯನವರೇ ಹೇಳಿದವರ ಬಾಯಿ ಮುಚ್ಚಿಸಿದರು. ಗೊತ್ತಿದ್ದ ಮನೆಗಳಿಗೆಲ್ಲ ಕೂತು ಕಾರ್ಡು ಬರೆದರು, ಆ ಕಾರ್ಡು ನನ್ನದಲ್ಲ, ನಂಬಬೇಡಿ ಎಂದು.

ಅದರಿಂದ ಇನ್ನೊಂದು ಪೇಚು ಹುಟ್ಟಿತು. ಹೊಸನಗರದ ಕಡೆಯಿಂದ ಪದ್ಮಪ್ರಸಾದರು ಬಂದರು. ಮಗಳ ಮದುವೆಗೆ ಪಾತ್ರೆ ಹೇಳಿಟ್ಟಿದ್ದವರು. ಹತ್ತಾರು ಜೈನರ ಮನೆಗಳು ಅವರ ಮಾತು ಕೇಳುತ್ತಿದ್ದವು. ಒಂದು ಕೈಯಲ್ಲಿ ಮೊದಲ ಕಾರ್ಡು, ಇನ್ನೊಂದರಲ್ಲಿ ಎರಡನೆಯದು.

“ಇದ್ರಲ್ಲೂ ಭುಜಬಲಿ, ಅದ್ರಲ್ಲೂ ಭುಜಬಲಿ. ನಾನು ಯಾವ ಭುಜಬಲಿನ ನಂಬ್ಲಿ ಮಾರಾಯ್ರೆ?”

ಭುಜಬಲಯ್ಯನವರು ಆಗ ಹೊಸ ಕೊಳಗವೊಂದಕ್ಕೆ ಹೆಸರು ಹೊಡೆಯುತ್ತಿದ್ದರು. ಸಣ್ಣ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ‘ಭು’ ಎಂದು ಕುಟ್ಟಿದರೆ ಆ ಪಾತ್ರೆ ಅವರದು. ಯಾವ ಮನೆಯಲ್ಲಿ ಎಷ್ಟು ಪಾತ್ರೆಯ ನಡುವೆ ಬೆರೆತರೂ ಬೆರಳಾಡಿಸಿದರೆ ಕತ್ತಲೆಯಲ್ಲೂ ಗುರುತು ಸಿಗುತ್ತಿತ್ತು. ಅವರ ಕಣ್ಣು ಕೈಯಲ್ಲಿದ್ದ ಉಳಿಯ ಮೇಲೆ ಬಿತ್ತು. ಆಮೇಲೆ ಪದ್ಮಪ್ರಸಾದರ ಕೈಯಿಂದ ತಾವು ಬರೆದ ಕಾರ್ಡನ್ನು ತೆಗೆದುಕೊಂಡು, ಮರದ ತುಂಡಿನ ಮೇಲಿಟ್ಟು, ಅದರ ಮೂಲೆಯಲ್ಲಿ ಅದೇ ‘ಭು’ ಕುಟ್ಟಿದರು. ಕಾರ್ಡು ತೂತಾಯಿತು. ಪದ್ಮಪ್ರಸಾದರ ಬೆರಳು ಹಿಡಿದು ಮೊದಲು ಕೊಳಗದ ಮೇಲೆ, ಆಮೇಲೆ ಕಾರ್ಡಿನ ಮೇಲೆ ಎಳೆದರು. ಇನ್ನು ಮೇಲೆ ಇದು ಇಲ್ಲದ ಕಾರ್ಡು ನನ್ನದಲ್ಲ ಎಂದರು.

“ಅವ್ನೂ ಒಂದು ಉಳಿ ತಂದ್ರೆ?”

“ತರ್ಲಿ. ನನ್ನ ಉಳಿ ಮೂತಿ ಹೆಂಗೆ ಸವ್ದಿದೆ ಅಂತ ಅವ್ನ ಉಳಿಗೆ ಗೊತ್ತಾ?”

ಪದ್ಮಪ್ರಸಾದರು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು, ಕೊಳಗವನ್ನೂ ತಿರುಗಿಸಿ ನೋಡಿದರು. ಕಡೆಗೆ, ಮದುವೆಗೆ ಇನ್ನೆರಡು ಹಂಡೆ ಜಾಸ್ತಿ ಬೇಕಾಗುತ್ತದೆ ಎಂದರು. ಭುಜಬಲಯ್ಯ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದರು.

ಅಂದಿನಿಂದ ನಾನು ಕಾರ್ಡು ಒತ್ತಿ ಹಿಡಿಯುವುದು, ಅವರು ಕುಟ್ಟುವುದು. ಬರೆದಿದ್ದ ಎಲ್ಲ ಮನೆಗಳಿಗೂ ಮತ್ತೆ ತೂತಿನ ಕಾರ್ಡು ಹೋಯಿತು. ಗುರುತು ಏನೆಂದು ಪಾತ್ರೆ ನೋಡಿದ ಎಲ್ಲರಿಗೂ ಗೊತ್ತಿತ್ತು. ನನ್ನಂತೆ ಅಕ್ಷರ ಅಷ್ಟಕ್ಕಷ್ಟೇ ಇದ್ದ ಹೆಂಗಸರು ಕೂಡ ಕಾರ್ಡನ್ನು ಸವರಿ, ಇದು ಭುಜಬಲಣ್ಣಂದೇ ಎಂದು ಹೇಳುತ್ತಿದ್ದರು.

ಮುಳುಗಿದ ಊರಿನ ಕಾರ್ಡುಗಳನ್ನೂ ಅವರು ಎಸೆಯಲಿಲ್ಲ. ಅವುಗಳಲ್ಲಿ ಹೆಸರಿದ್ದವರೆಲ್ಲ ಅಣೆಕಟ್ಟೆ ಕಟ್ಟುವ ಮುಂಚಿನ ಗಿರಾಕಿಗಳು, ಎಲ್ಲಿ ಹೋದರೆಂದೇ ತಿಳಿದಿರಲಿಲ್ಲ. ಶಂಭುವಿಗೆ ಗಂಟುಬಿದ್ದು, ಅಲ್ಲಿ ಇಲ್ಲಿ ವಿಚಾರಿಸಿ, ಕೆಲವರ ಹೊಸ ವಿಳಾಸ ಹಿಡಿದು ಬರೆದರು. ಬ್ಯಾಕೋಡಿನ ಹತ್ತಿರ ಹೋಗಿ ನೆಲೆಸಿದ್ದ ವಾಸಪ್ಪಗೌಡರು ಲಾಂಚಿನಲ್ಲಿ ಹಿನ್ನೀರಿನಾಚೆಯ ಹೊಳೆಬಾಗಿಲಿಗೆ ದಾಟಿ, ಎರಡು ಬಸ್ಸು ಬದಲಿಸಿ ಬಂದೇಬಿಟ್ಟರು. ಬಂದವರೇ ಅಂಚೆಯವರಿಗೆ ಬಯ್ಯಲು ಹಿಡಿದರು. ಇಷ್ಟು ವರ್ಷದ ಮೇಲೆ ಭುಜಬಲಿ ಒಂದು ಕಾರ್ಡು ಹಾಕಿದರೆ ಅದರ ಮೂಲೆಯನ್ನೂ ಗೆದ್ದಲಿಗೆ ತಿನ್ನಿಸಿ ತಂದುಕೊಟ್ಟಿದ್ದಾರೆ ಎಂದು. ನಾವು ನಕ್ಕಿದ್ದು ನೋಡಿ ಅವರಿಗೆ ಇನ್ನೂ ಸಿಟ್ಟು ಬಂತು. ಆ ವರ್ಷ ಅವರ ಮಗನ ಮದುವೆಗೆ ನಮ್ಮ ಕೊಳಗಗಳೂ ಲಾಂಚ್ ಹತ್ತಿದವು.

ಭುಜಬಲಯ್ಯನವರು ನನ್ನನ್ನು ಕೊನೆಯದಾಗಿ ಒಂದು ಮಾತು ಕೇಳಿದ್ದು ಎಂಬತ್ತಾರರಲ್ಲಿ. ಅದಾದ ವಾರಕ್ಕೆ ಮಗಳ ಮನೆಗೆ ಹೋದವರು ಅಲ್ಲಿಯೇ ತೀರಿಕೊಂಡರು. ಆಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಬರೆದದ್ದು ಬರೆಯದ್ದು ನೆನಪು ನಿಲ್ಲುತ್ತಿರಲಿಲ್ಲ. ಘಟ್ಟದ ಅಂಚಿನ ಒಂದು ಊರಿನಿಂದ ಗೌಡರೊಬ್ಬರು ಬಂದು ಹಳದಿಗೆ ತಿರುಗಿದ ಅಚ್ಚಿನ ಕಾರ್ಡು ಚಾಚಿದರು. ಮಗಳ ಮದುವೆಗಾದೀತೆಂದು ಎಂಟು ವರ್ಷದಿಂದ ಜೋಪಾನ ಮಾಡಿದ್ದರಂತೆ. ಬೀಗರ ಊಟಕ್ಕೆ ನಾಲ್ಕು ಕೊಳಗ ಬೇಕು, ಕೊಡುತ್ತೇನೆಂದು ನೀವೇ ಬರೆದಿದ್ದೀರಲ್ಲ ಎಂದರು. ಭುಜಬಲಯ್ಯ ಇಲ್ಲ ಎನ್ನಲಿಲ್ಲ. ಕಾರ್ಡನ್ನು ಸವರಿ ನೋಡಿದರು, ಆದರೆ ತಮ್ಮ ಬೆರಳನ್ನೂ ನಂಬದವರಂತೆ ನನ್ನನ್ನು ಕರೆದು ಕೈಗೆ ಕೊಟ್ಟರು. ಮೂಲೆ ನುಣ್ಣಗಿತ್ತು, ಒಂದು ಚುಕ್ಕಿಯೂ ಇರಲಿಲ್ಲ. ನಾನು ಬಾಯಿ ತೆರೆಯುವ ಮುಂಚೆ ಅವರೇ ಕೇಳಿದರು.

“ಸರಿಯಾಗಿ ನೋಡಿ ಹೇಳು ದುಗ್ಗಮ್ಮ, ಇದು ನಾನೇ ಬರ್ದದ್ದಾ? ನಾನೇ ಬರ್ದಿದ್ರೆ ಕೊಡ್ಬೇಕಾಗ್ತದೆ.”